ಬೇಕಲದ ಪಾದೆಗೆ ಯಾವ ತಿಥಿಯಲ್ಲಿ ಹೋಗಬೇಕು?

ಪ್ರಶ್ನೆ: ಕುಂಬಳೆ ಕಡೆಯ ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನ ಟೀಚರ್ ಆಗಿದ್ದೇನೆ. 7ನೇ ತರಗತಿಯ 24 ಮಕ್ಕಳಿಗೆ ಬೇಕಲ ಕೋಟೆ ಹತ್ತಿರದ ಪಾದೆಗಳಲ್ಲಿ, ಅಂದರೆ ಕಡಲಂಚಿನ ಬಂಡೆಗಳಲ್ಲಿ, ನೀರಿಳಿದಾಗ ಉಳಿಯುವ ಹೊಂಡಗಳನ್ನು ತೋರಿಸಬೇಕೆಂದಿದ್ದೇನೆ. ಮೊದಲು ನಾನೊಬ್ಬಳೇ ನೋಡಿ ಬರೋಣವೆಂದು ಒಂದು ಭಾನುವಾರ, ಫೋನಿನಲ್ಲಿ 11 ಗಂಟೆಗೆ ಇಳಿತ ಎಂದು ಇದ್ದುದರಿಂದ ಆ ಹೊತ್ತಿಗೇ ಹೋದೆ. ನೀರು ಇಳಿದಂತೆಯೇ ಕಾಣಲಿಲ್ಲ. ಎಲ್ಲಿ ತಪ್ಪಿತು? ವಿಡಿಯೊಗಳಲ್ಲಿ ಜನ ಹವಳದ ಮೇಲೆ ದೂರದವರೆಗೆ ನಡೆದುಹೋಗುತ್ತಾರಲ್ಲ, ಅಂಥದ್ದು ನಮ್ಮಲ್ಲಿ ಇದೆಯೇ? ಮಕ್ಕಳಿಗೆ ಏನೆಲ್ಲ ಅಪಾಯ? ಒಂದೆರಡು ಜೀವಿಗಳನ್ನು ಬಾಟಲಿಯಲ್ಲಿ ತಂದು ತರಗತಿಯಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ: ಟೀಚರ್, ನೀವು ಗಂಟೆಯನ್ನು ಸರಿಯಾಗಿಯೇ ನೋಡಿದ್ದೀರಿ. ನೋಡದೆ ಬಿಟ್ಟದ್ದು ತಿಥಿಯನ್ನು. 11 ಗಂಟೆಗೆ ಇಳಿತ ಇತ್ತೆಂದರೆ ಆ ದಿನ ಅಷ್ಟಮಿಯೋ ಅದರ ಹಿಂದುಮುಂದಿನ ದಿನವೋ ಆಗಿರಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಏರು, ಎರಡು ಇಳಿತ. ಆದರೆ ಎಲ್ಲ ಇಳಿತಗಳೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಯಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುತ್ತದೆ, ಆಗ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಆ ಎರಡು ಸೆಳೆತಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ನೀರು ಅಲ್ಲಲ್ಲೇ ತೂಗಾಡುತ್ತದೆ. ಮಂಗಳೂರು ಕಾಸರಗೋಡು ತೀರದಲ್ಲಿ ಅತಿ ದೊಡ್ಡ ಏರಿಳಿತವೇ ಸುಮಾರು ಒಂದೂವರೆ ಮೀಟರಿನೊಳಗೆ. ಅಷ್ಟಮಿಯಲ್ಲಿ ಅದು ಇನ್ನೂ ಕುಗ್ಗಿದಾಗ, ಪಾದೆ ತೆರೆದುಕೊಳ್ಳದೆ ಇರುವುದು ಸಹಜ.

ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ, ಶಾಲೆಯವರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ದಿನ ನಮ್ಮಲ್ಲಿ ನಡು ಮಧ್ಯಾಹ್ನದ ಆಸುಪಾಸಿನಲ್ಲಿ ಏರು, ನಸುಕಿನಲ್ಲಿ ಮತ್ತು ಮುಸ್ಸಂಜೆಯ ಹೊತ್ತಿಗೆ ಇಳಿತ. ಅಲ್ಲಿಂದ ಒಂದು ವಾರ ಸರಿದಾಗ ಇಳಿತ ಮಧ್ಯಾಹ್ನದ ಕಡೆಗೆ ಬಂದಿರುತ್ತದೆ, ಆದರೆ ಅಷ್ಟರಲ್ಲಿ ಅದರ ಬಲ ಹೋಗಿರುತ್ತದೆ. ಹೀಗಾಗಿ ಶಾಲೆಯ ಹೊತ್ತಿಗೆ, ಅಂದರೆ 10ರಿಂದ 3ರ ನಡುವೆ, ನಮ್ಮ ತೀರದಲ್ಲಿ ಒಳ್ಳೆಯ ಇಳಿತ ಸಿಗುವುದೇ ಇಲ್ಲವೆನ್ನಬಹುದು. ಬೆಳಗ್ಗೆ ಬೇಗ ಹೊರಡಬೇಕು, ಇಲ್ಲವೇ ಸಂಜೆಗೆ ಹೊಂದಿಸಿಕೊಳ್ಳಬೇಕು.

ಮಕ್ಕಳೊಂದಿಗೆ ಹೋಗುವುದಕ್ಕೆ ನಾನು ಸೂಚಿಸುವುದು ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಬಿದಿಗೆ, ತದಿಗೆಗಳನ್ನು. ದೊಡ್ಡ ಇಳಿತ ಹುಣ್ಣಿಮೆಯ ದಿನಕ್ಕಿಂತ ಒಂದೆರಡು ದಿನ ತಡವಾಗಿ ಬರುತ್ತದೆ. ಆ ಹೊತ್ತಿಗೆ ನಸುಕಿನ ಇಳಿತವೂ ಸರಿದು ಬೆಳಗ್ಗೆ 7ರಿಂದ 8ರ ಆಸುಪಾಸಿಗೆ ಬಂದಿರುತ್ತದೆ. ಬೆಳಕು ಇರುತ್ತದೆ, ಬಿಸಿಲು ಏರಿರುವುದಿಲ್ಲ. ಬೆಳಗ್ಗೆ ಸಾಧ್ಯವೇ ಇಲ್ಲವೆಂದಾದರೆ ತ್ರಯೋದಶಿ, ಚತುರ್ದಶಿಯ ಸಂಜೆ ನೋಡಿ. ಆಗ ಇಳಿತ ಹೆಚ್ಚುಕಡಿಮೆ 4ರಿಂದ 5ರ ಹೊತ್ತಿಗೆ ಬೀಳುತ್ತದೆ. ಆದರೆ ಸಂಜೆಯಲ್ಲಿ ಹಿಂದಿರುಗುವಾಗ ಕತ್ತಲೂ ಏರುವ ನೀರೂ ಜತೆಯಾಗಿ ಬರುವುದರಿಂದ 24 ಮಕ್ಕಳನ್ನು ಕರೆದೊಯ್ಯುವವರಿಗೆ ಬೆಳಗ್ಗೆಯೇ ಮೇಲು.

ಪಂಚಾಂಗ ದಿನವನ್ನು ತೋರಿಸುತ್ತದೆ, ನಿಮಿಷವನ್ನಲ್ಲ. ದಿನ ಗೊತ್ತಾದ ಮೇಲೆ ಏರಿಳಿತದ ಪಟ್ಟಿ ನೋಡಲೇಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಪ್ರಕಟಿಸುವ ಪಟ್ಟಿಗಳಿವೆ, ಹೈದರಾಬಾದಿನಲ್ಲಿರುವ, ಕಡಲಿನ ಮಾಹಿತಿ ಕೊಡುವ ಇನ್‌ಕಾಯಿಸ್ ಸಂಸ್ಥೆಯ ಜಾಲತಾಣದಲ್ಲಿಯೂ ಮುನ್ಸೂಚನೆ ಸಿಗುತ್ತದೆ. ನಿಮಗೆ ಹತ್ತಿರದ ದೊಡ್ಡ ಬಂದರು ನವಮಂಗಳೂರು, ಅಲ್ಲಿಯ ಹೊತ್ತನ್ನೇ ಬೇಕಲಕ್ಕೆ ಹಿಡಿದರೆ ಸಾಕು. ಪಟ್ಟಿಯಲ್ಲಿ ಗಂಟೆಯ ಪಕ್ಕ ಮೀಟರಿನಲ್ಲಿ ಒಂದು ಅಂಕಿ ಇರುತ್ತದೆ. ಅದು 0.3ಕ್ಕಿಂತ ಕೆಳಗಿದ್ದರೆ ಹೊರಡಿ. 0.5 ಎಂದಿದ್ದರೆ ಮೇಲಿನ ಹೊಂಡಗಳು ಮಾತ್ರ ಕಾಣುತ್ತವೆ. 0.7 ಎಂದಿದ್ದರೆ ಕೋಟೆ ನೋಡಿ ಬರಬಹುದು, ಅಷ್ಟೇ. ಒಂದೇ ದಿನದ ಎರಡು ಇಳಿತಗಳು ಸಮ ಇರುವುದಿಲ್ಲ ಎಂಬುದನ್ನೂ ಗಮನಿಸಿ. ಕೆಲವು ಪಕ್ಷಗಳಲ್ಲಿ ಬೆಳಗ್ಗಿನದು ಆಳ, ಕೆಲವು ಪಕ್ಷಗಳಲ್ಲಿ ಸಂಜೆಯದು. ಆದ್ದರಿಂದ ಎರಡು ತಿಂಗಳ ಬಿದಿಗೆ, ತದಿಗೆಗಳನ್ನು ಒಟ್ಟಿಗೆ ಬರೆದಿಟ್ಟುಕೊಂಡು, ಬೆಳಗ್ಗಿನ ಅಂಕಿ ಚಿಕ್ಕದಿರುವ ದಿನವನ್ನು ಆರಿಸಿ. ಅದು ವಾರದ ನಡುವೆ ಬಂದರೆ ಮುಖ್ಯೋಪಾಧ್ಯಾಯರನ್ನು ಒಪ್ಪಿಸಿ. ಭಾನುವಾರಕ್ಕಾಗಿ ಕಡಲು ಕಾಯುವುದಿಲ್ಲ.

ತಿಂಗಳು ಯಾವುದು ಎಂಬ ಪ್ರಶ್ನೆಗೆ ಉತ್ತರ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯ ತನಕ. ಮಳೆಗಾಲದಲ್ಲಿ ಪಾದೆಯ ಹತ್ತಿರವೂ ಸುಳಿಯಬಾರದು. ಮಳೆ ನಿಂತ ಮೇಲೆ ಬಂಡೆಗಳ ಮೇಲೆ ಪಾಚಿ, ಕಡಲಕಳೆ ಚಿಗುರಿ ಡಿಸೆಂಬರ್, ಜನವರಿಯಲ್ಲಿ ಸೊಂಪಾಗಿರುತ್ತದೆ. ಅದನ್ನು ಮೇಯುವವು, ಅದರಲ್ಲಿ ಅಡಗುವವು ಎಲ್ಲ ಆಗ ಸಿಗುತ್ತವೆ. ಮಳೆಗಾಲದ ಅಲೆಗಳು ಕೊಚ್ಚಿಕೊಂಡು ಹೋದ ಮರಳು ಬೇಸಗೆಯ ಹೊತ್ತಿಗೆ ತೀರಕ್ಕೆ ಮರಳಿ ಬಂದು ತಗ್ಗಿನ ಬಂಡೆಗಳನ್ನು ಮುಚ್ಚಿಬಿಡುವುದೂ ಉಂಟು. ಡಿಸೆಂಬರಿನಲ್ಲಿ ಕಂಡ ಹೊಂಡ ಏಪ್ರಿಲಿನಲ್ಲಿ ಕಾಣದಿದ್ದರೆ ಅದು ಮರಳಿನಡಿಯಲ್ಲಿದೆ ಎಂದರ್ಥ.

ಏಪ್ರಿಲ್, ಮೇ ತಿಂಗಳುಗಳನ್ನು ಬಿಡಬೇಕೆನ್ನುವುದಕ್ಕೆ ಇನ್ನೂ ಗಟ್ಟಿ ಕಾರಣ ಕಳ್ಳಕ್ಕಡಲ್. ಕೇರಳದ ಮೀನುಗಾರರು ಇಟ್ಟ ಈ ಹೆಸರನ್ನೇ ವಿಜ್ಞಾನಿಗಳೂ ಬಳಸುತ್ತಾರೆ. ದೂರದ ದಕ್ಷಿಣ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಉಬ್ಬಲೆಗಳು ಸಾವಿರಾರು ಕಿಲೋಮೀಟರ್ ದಾಟಿ, ಇಲ್ಲಿ ಗಾಳಿಯೂ ಮೋಡವೂ ಇಲ್ಲದ ದಿನ ಕಳ್ಳನಂತೆ ತೀರಕ್ಕೆ ನುಗ್ಗುತ್ತವೆ. ಆಕಾಶ ನೋಡಿ ಇದನ್ನು ಊಹಿಸಲು ಬರುವುದಿಲ್ಲ. ಇನ್‌ಕಾಯಿಸ್ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ರಾತ್ರಿ ಮತ್ತು ಅದೇ ಬೆಳಗ್ಗೆ, ಎರಡು ಸಲ ನೋಡಿ. ಎಚ್ಚರಿಕೆ ಇದ್ದರೆ, ಅಥವಾ ಅಲೆಯ ಎತ್ತರ 1 ಮೀಟರಿಗಿಂತ ಹೆಚ್ಚೆಂದಿದ್ದರೆ, ಬಸ್ಸಿಗೆ ಮುಂಗಡ ಕೊಟ್ಟಿದ್ದರೂ ಪಯಣ ಮುಂದೂಡಿ.

ಇನ್ನು ಹವಳದ ವಿಷಯ. ನೀರಿಳಿದ ಮೇಲೆ ಜನ ದೂರದವರೆಗೆ ನಡೆದುಹೋಗುವ ದೃಶ್ಯಗಳು ಹೆಚ್ಚಾಗಿ ಗುಜರಾತಿನ ಕಛ್ ಕೊಲ್ಲಿಯ ನರಾರಾದಂಥ ಜಾಗಗಳವು. ಅಲ್ಲಿಯ ಏರಿಳಿತ ನಮ್ಮದರ ಹಲವು ಪಟ್ಟು, ನೆಲವೂ ಸಪಾಟು. ನಮ್ಮಲ್ಲಿ ನೀರು ಒಂದು ಮೀಟರ್ ಇಳಿದರೆ ತೆರೆದುಕೊಳ್ಳುವುದು ಕೆಲವೇ ಹೆಜ್ಜೆಗಳ ಅಗಲದ ಪಟ್ಟಿ. ಕಾಸರಗೋಡಿನಲ್ಲಿ ನಡೆದು ನೋಡುವಂಥ ಹವಳದ ದಿಬ್ಬ ಇಲ್ಲ. ಹವಳ ನೋಡಬೇಕೆಂದರೆ ಮುರ್ಡೇಶ್ವರದಾಚೆಯ ನೇತ್ರಾಣಿ ಅಥವಾ ಮಹಾರಾಷ್ಟ್ರದ ಮಾಲ್ವಣದಲ್ಲಿ ನೀರಿಗಿಳಿಯಬೇಕು, ಇಲ್ಲವೇ ಪರವಾನಗಿ ಪಡೆದು ಲಕ್ಷದ್ವೀಪಕ್ಕೆ ಹೋಗಬೇಕು. ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ಹವಳ ಹುಡುಕುತ್ತ ಹೋದ ಕಣ್ಣಿಗೆ ಎದುರಿನ ಬಂಡೆಗೇ ಅಂಟಿಕೊಂಡಿರುವ ಬಾರ್ನಕಲ್ ಎಂಬ ಪುಟ್ಟ ಪ್ರಾಣಿ ಕಾಣುವುದಿಲ್ಲ.

ಹಾಗೆಂದು ನಮ್ಮಲ್ಲಿರುವುದು ಕಡಿಮೆಯದ್ದಲ್ಲ. ಮಂಜೇಶ್ವರದಿಂದ ತೆಂಕಕ್ಕೆ ಹೆಚ್ಚಿನ ತೀರ ಮರಳು. ಅದರ ನಡುವೆ ಬೇಕಲದಂಥ ಕೆಲವು ಕಡೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಮೂತಿ ಕಡಲಿಗೆ ಚಾಚಿಕೊಂಡಿದೆ. ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ, 1650ರ ಸುಮಾರಿಗೆ, ಕೋಟೆ ಎದ್ದದ್ದು ಇಂಥ ಮೂತಿಯ ಮೇಲೆಯೇ. ಮುರಕಲ್ಲು ಜೇನುಗೂಡಿನಂತೆ ತೂತುತೂತು. ಕಡಲು ಅದನ್ನು ಕೊರೆದಷ್ಟೂ ಬೊಗಸೆಯಷ್ಟು, ಬಾಣಲೆಯಷ್ಟು, ಬಚ್ಚಲಿನಷ್ಟು ಹೊಂಡಗಳು ಹುಟ್ಟುತ್ತವೆ. ನಯವಾದ ಕರಿಗಲ್ಲಿನಲ್ಲಿ ನೀರು ಜಾರಿ ಹೋಗುತ್ತದೆ, ಮುರಕಲ್ಲಿನಲ್ಲಿ ನಿಲ್ಲುತ್ತದೆ. ಅದರ ಒಂದೊಂದು ಸಣ್ಣ ಬಿಲದಲ್ಲಿಯೂ ಯಾರೋ ಒಬ್ಬರ ಬಿಡಾರ ಇರುತ್ತದೆ.

ನೋಡುವಾಗ ಮೇಲಿನಿಂದ ಕೆಳಕ್ಕೆ ಬನ್ನಿ. ಪಾದೆಯ ಮೇಲಿನ ಒಣ ಅಂಚಿನಲ್ಲಿ, ಅಲೆಯ ತುಂತುರು ಮಾತ್ರ ತಾಗುವಲ್ಲಿ, ತೊಗರಿ ಕಾಳಿನಷ್ಟು ದೊಡ್ಡ ಲಿಟೊರೈನ್ ಬಸವನಹುಳುಗಳು ಬಿರುಕಿನಲ್ಲಿ ಗುಂಪಾಗಿ ಕುಳಿತಿರುತ್ತವೆ. ಬಿಸಿಲೇರಿದಾಗ ಬಾಗಿಲು ಹಾಕಿಕೊಂಡು ಒಳಗಿನ ತೇವ ಕಾಪಾಡಿಕೊಳ್ಳುತ್ತವೆ. ಜಿರಳೆಯಂತೆ ಸರ್ರನೆ ಓಡಿ ಮರೆಯಾಗುವುದು ಲಿಗಿಯ. ಅದು ಜಿರಳೆಯಲ್ಲ, ಸಿಗಡಿ, ಏಡಿಗಳ ದೂರದ ನೆಂಟ. ಇನ್ನೊಂದು ಮೊಳ ಕೆಳಗೆ ಬಂದರೆ ಬಾರ್ನಕಲ್ಲುಗಳ ಬಿಳಿ ಪಟ್ಟಿ. ಮಕ್ಕಳು ಇದನ್ನು ಚಿಪ್ಪು ಎಂದೇ ಹೇಳುತ್ತಾರೆ. ಇದೂ ಏಡಿಯ ಬಂಧು, ಎಳವೆಯಲ್ಲಿ ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಸುತ್ತ ಸುಣ್ಣದ ಗೋಡೆ ಕಟ್ಟಿ, ಜೀವಮಾನವೆಲ್ಲ ಕಾಲಿನಿಂದ ನೀರನ್ನು ಬಾಚಿ ತಿನ್ನುವ ಪ್ರಾಣಿ. ನೀರಿನೊಳಗೇ ಇರುವ ಬಾರ್ನಕಲ್ ಸಿಕ್ಕಿದರೆ ನೆರಳು ಬೀಳದಂತೆ ಕುಳಿತು ಎರಡು ನಿಮಿಷ ನೋಡಿ. ಗರಿಯಂಥ ಕಾಲುಗಳು ಹೊರಚಾಚಿ ಒಳಸೇರುವುದು ಬರಿಗಣ್ಣಿಗೇ ಕಾಣುತ್ತದೆ.

ಅದೇ ಎತ್ತರದಲ್ಲಿ ಬಂಡೆಗೆ ಒತ್ತಿಕೊಂಡ, ಹಾಳೆಯ ಮುಟ್ಟಾಳೆಯನ್ನು ಪುಟ್ಟದಾಗಿ ಮಾಡಿ ಕವುಚಿಟ್ಟಂಥ ಚಿಪ್ಪುಗಳು ಲಿಂಪೆಟ್. ನೀರು ಮುಚ್ಚಿದಾಗ ಅವು ನಡೆದಾಡಿ ಪಾಚಿ ಕೆರೆಯುತ್ತವೆ, ಇಳಿದಾಗ ಬಂಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಕಿತ್ತು ನೋಡುವ ಆಸೆ ಎಲ್ಲ ಮಕ್ಕಳಿಗೂ ಆಗುತ್ತದೆ. ಕೀಳಲು ಹೋದರೆ ಅದರ ಪಾದ ಹರಿದು ಸಾಯುತ್ತದೆ. ಈ ಪಟ್ಟಿಯ ಕೆಳಗೆ ಬಂಡೆ ಸಿಂಪಿ, ಒಂದಕ್ಕೊಂದು ಬೆಸೆದು ಬ್ಲೇಡಿನಂತೆ ಅಂಚು ಎತ್ತಿಕೊಂಡಿರುತ್ತದೆ. ಪಾದೆಯಲ್ಲಿ ಆಗುವ ಗಾಯಗಳು ಹೆಚ್ಚಾಗಿ ಇದರದ್ದೇ. ಅಲೆ ಬಡಿಯುವ ಅಂಚಿನಲ್ಲಿ ಪಚ್ಚಿಲೆ, ಅಂದರೆ ನೆರೆಯ ಮಲಯಾಳಿಗಳ ಕಲ್ಲುಮ್ಮಕ್ಕಾಯಿ, ದಾರಗಳಿಂದ ತನ್ನನ್ನು ಬಂಡೆಗೆ ಕಟ್ಟಿಕೊಂಡಿರುತ್ತದೆ. ಜಿಲ್ಲೆಯ ತೆಂಕಣ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವುದೂ ಇದನ್ನೇ. ಪಾದೆಯಲ್ಲಿ ಪಚ್ಚಿಲೆ ಕೀಳುವವರು ಇದ್ದರೆ ಅವರ ಕೆಲಸಕ್ಕೆ ಅಡ್ಡ ಬರದೆ, ಬಿಡುವಾದಾಗ ಮಕ್ಕಳಿಂದ ಒಂದೆರಡು ಪ್ರಶ್ನೆ ಕೇಳಿಸಿ. ಯಾವ ಅಂಚಿನಲ್ಲಿ ಅಲೆ ತಿರುಗಿ ಬಡಿಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಈಗ ಹೊಂಡಗಳು. ಇಲ್ಲಿ ನನ್ನದು ಒಂದೇ ಒತ್ತಾಯ. ಹತ್ತು ಹೊಂಡ ಸುತ್ತಬೇಡಿ, ಒಂದರ ಬಳಿ ಹತ್ತು ನಿಮಿಷ ಅಲ್ಲಾಡದೆ ಕೂರಿಸಿ. ಮೊದಲ ನಿಮಿಷದಲ್ಲಿ ಕಾಣುವುದು ನೀರು, ಮರಳು, ಒಂದಿಷ್ಟು ಹಸಿರು. ನಮ್ಮ ನೆರಳು ಕಂಡು ಎಲ್ಲವೂ ಅಡಗಿರುತ್ತವೆ. ಎರಡು ಮೂರು ನಿಮಿಷ ಕಳೆದಾಗ ಒಂದು ಶಂಖ ಏಡಿಯ ವೇಗದಲ್ಲಿ ನಡೆಯತೊಡಗುತ್ತದೆ. ಅದು ಸನ್ಯಾಸಿ ಏಡಿ, ಸತ್ತ ಬಸವನಹುಳುವಿನ ಮನೆಯನ್ನು ಹೊತ್ತದ್ದು. ಆಮೇಲೆ ಗಾಜಿನಂಥ ಸಿಗಡಿ, ಕಲ್ಲಿನ ಬಣ್ಣದ್ದೇ ಆದ ಗೋಬಿ ಮೀನು, ಬಿಲದಿಂದ ತಲೆ ಮಾತ್ರ ಹೊರಹಾಕುವ ಬ್ಲೆನ್ನಿ. ಬ್ಲೆನ್ನಿಯ ಕೆಲವು ಜಾತಿಗಳು ಒಂದು ಹೊಂಡದಿಂದ ಇನ್ನೊಂದಕ್ಕೆ ಒದ್ದೆ ಬಂಡೆಯ ಮೇಲೆ ಜಿಗಿದು ಹೋಗಬಲ್ಲವು. ಅಂಚಿನ ನೆರಳಿನಲ್ಲಿ ಹೂವಿನಂತೆ ಬಿಚ್ಚಿಕೊಂಡದ್ದು ಅನೆಮೊನೆ. ನೀರಿಲ್ಲದಲ್ಲಿ ಅದೇ ಪ್ರಾಣಿ ಮುದುಡಿ, ಮರಳು ಮೆತ್ತಿದ ಲೋಳೆಯ ಉಂಡೆಯಾಗಿ ಕಾಣುತ್ತದೆ. ತುಳಿಯುವ ಮೊದಲು ನೋಡಬೇಕಾದದ್ದು ಇದನ್ನೇ. ಚಳಿಗಾಲದಲ್ಲಿ ಕಡಲಕಳೆ ಇರುವ ಹೊಂಡಗಳಲ್ಲಿ ಕಡಲ ಮೊಲ ಸಿಗುವುದುಂಟು, ಅಂಗೈಯಗಲದ ಚಿಪ್ಪಿಲ್ಲದ ಬಸವನಹುಳುವಿನಂಥದ್ದು, ಕೆಣಕಿದರೆ ನೇರಳೆ ಶಾಯಿ ಬಿಡುತ್ತದೆ. ಶಾಯಿ ಬಿಡಿಸಿ ನೋಡುವ ಆಟ ಬೇಡ. ಪುಟ್ಟ ಹೊಂಡದಲ್ಲಿ ಅದು ಹೊರಗೆ ಹೋಗದೆ ಉಳಿಯುತ್ತದೆ.

ಇನ್ನೊಂದು ರಚನೆಯನ್ನು ಹೇಳಲೇಬೇಕು, ಹೆಚ್ಚಿನವರು ಅದನ್ನು ಕಲ್ಲೆಂದು ತಿಳಿದು ಮೆಟ್ಟಿ ಹೋಗುತ್ತಾರೆ. ಪಶ್ಚಿಮ ಕರಾವಳಿಯ ಬಂಡೆಗಳ ಮೇಲೆ ಕೆಲವೆಡೆ ಮರಳಿನ ಜೇನುಗೂಡಿನಂಥ ಗಡ್ಡೆಗಳಿರುತ್ತವೆ. ಸಬೆಲ್ಲಾರಿಯ ಬಳಗದ ಹುಳುಗಳು ಒಂದೊಂದೇ ಮರಳಕಣವನ್ನು ಅಂಟಿಸಿ ಕಟ್ಟಿದ ಕೊಳವೆಗಳವು, ಪ್ರತಿ ಕೊಳವೆಯೊಳಗೂ ಒಂದು ಹುಳು. ಕೈಗೆ ಗಟ್ಟಿಯೆನಿಸಿದರೂ ಶೂ ಕಾಲಿನ ಭಾರಕ್ಕೆ ಪುಡಿಯಾಗುತ್ತದೆ. ದಿಬ್ಬ ಕಟ್ಟುವುದು ಹವಳ ಮಾತ್ರವಲ್ಲ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೇಲಿನ ಹೊಂಡಕ್ಕೂ ಕೆಳಗಿನ ಹೊಂಡಕ್ಕೂ ಇರುವ ಅಂತರವನ್ನು ಒಂದು ಥರ್ಮಾಮೀಟರಿನಿಂದ ಅಳೆಯಬಹುದು. ಮೇಲಿನದು ಕಡಲಿನಿಂದ ಹೆಚ್ಚು ಹೊತ್ತು ಕಡಿದುಕೊಂಡಿರುತ್ತದೆ. ಬಿಸಿಲಿಗೆ ಬೇಗ ಕಾಯುತ್ತದೆ, ನೀರು ಆರಿದಂತೆ ಉಪ್ಪು ಹೆಚ್ಚುತ್ತದೆ, ಮಳೆ ಬಂದರೆ ಸಪ್ಪೆಯಾಗುತ್ತದೆ. ಇಷ್ಟನ್ನೂ ತಾಳುವ ಜಾತಿಗಳು ಕೆಲವೇ, ಹಾಗಾಗಿ ಅಲ್ಲಿ ಬಗೆಗಳು ಕಡಿಮೆ. ಬೆಳಗ್ಗೆ 7ಕ್ಕೆ ಎರಡರ ನಡುವೆ ಹೆಚ್ಚು ವ್ಯತ್ಯಾಸ ಕಾಣಲಿಕ್ಕಿಲ್ಲ. ತೀರಕ್ಕೆ ಮರಳುವಾಗ ದಾರಿಯಲ್ಲಿರುವ ಮೇಲಿನ ಹೊಂಡವನ್ನು ಇನ್ನೊಮ್ಮೆ ಅಳೆಯಿರಿ. ಹೊಂಡದ ಹಸಿರು ಪಾಚಿಯ ಮೇಲೆ ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಮುತ್ತಿನಂಥ ಗುಳ್ಳೆಗಳು ಕೂರುತ್ತವೆ. ಪುಸ್ತಕದಲ್ಲಿ ಓದಿದ ಆಮ್ಲಜನಕ ಅದು. ರಾತ್ರಿ ಸಸ್ಯಗಳೂ ಪ್ರಾಣಿಗಳೂ ಉಸಿರಾಡುತ್ತಲೇ ಇರುವುದರಿಂದ ಹೊಂಡದ ಆಮ್ಲಜನಕ ಬೆಳಗಾಗುವ ಮುಂಚೆ ತೀರ ಕಡಿಮೆಯಾಗಿರುತ್ತದೆ.

ಎಣಿಕೆ ಮಾಡಿಸುವುದಾದರೆ ಪಿವಿಸಿ ಪೈಪಿನಿಂದ 50 ಸೆಂಟಿಮೀಟರ್ ಉದ್ದಗಲದ ಚೌಕಟ್ಟು ಮಾಡಿ, 10 ಸೆಂಟಿಮೀಟರಿಗೊಂದು ದಾರ ಕಟ್ಟಿ. 25 ಮನೆಗಳಾಗುತ್ತವೆ. ಮೇಲಿನಿಂದ ನೀರಿನಂಚಿನ ತನಕ ಒಂದು ಹಗ್ಗ ಹಾಸಿ, ಪ್ರತಿ ಮೀಟರಿಗೆ ಚೌಕಟ್ಟು ಇಟ್ಟು, ಎಷ್ಟು ಮನೆಗಳಲ್ಲಿ ಬಾರ್ನಕಲ್ ಇದೆ, ಎಷ್ಟರಲ್ಲಿ ಸಿಂಪಿ ಇದೆ ಎಂದು ಮಾತ್ರ ಬರೆಯಿಸಿ. ಒಂದೊಂದನ್ನೇ ಎಣಿಸಲು ಹೋದರೆ ಹೊತ್ತು ಮುಗಿಯುತ್ತದೆ, ಮಕ್ಕಳು ತಪ್ಪು ಅಂಕಿ ಬರೆಯತೊಡಗುತ್ತಾರೆ. ನೀರಿನ ಹೊಳಪಿನಿಂದ ಒಳಗೆ ಕಾಣದಿದ್ದರೆ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ತಳ ಕತ್ತರಿಸಿ, ಅಲ್ಲಿಗೆ ಪಾರದರ್ಶಕ ಹಾಳೆಯನ್ನು ರಬ್ಬರ್ ಬ್ಯಾಂಡಿನಲ್ಲಿ ಬಿಗಿದು, ಆ ತುದಿಯನ್ನು ಒಂದು ಅಂಗುಲ ನೀರಿಗೆ ಇಳಿಸಿ ಮೇಲಿನಿಂದ ನೋಡಿ. ನೋಡಿದ್ದನ್ನು ಪೆನ್ಸಿಲಿನಲ್ಲಿ ಬರೆಯಲಿ, ಪೆನ್ನಿನ ಶಾಯಿ ಉಪ್ಪುನೀರಿಗೆ ಹರಡುತ್ತದೆ. ಹೆಸರು ತಿಳಿಯದ ಜೀವಿಯ ಫೋಟೊವನ್ನು ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದರೆ ತಿಳಿದವರು ಗುರುತಿಸಿಕೊಡುತ್ತಾರೆ. ಜೀವಿಯ ಪಕ್ಕ ಅಳತೆಗೆ ಪೆನ್ಸಿಲ್ ಇಟ್ಟು ಫೋಟೊ ತೆಗೆಯಿರಿ.

ಕಲ್ಲು ಎತ್ತಿ ನೋಡಬಹುದೇ? ಒಂದು ಕೈಯಲ್ಲಿ ಏಳುವಷ್ಟು ಸಣ್ಣದಾದರೆ ಟೀಚರ್ ಮಾತ್ರ ಎತ್ತಲಿ, ನಿಧಾನವಾಗಿ, ತಮ್ಮ ಕಡೆಗೆ ಮಗುಚಿ. ಅರ್ಧ ನಿಮಿಷ ನೋಡಿ, ಇದ್ದಂತೆಯೇ ಇಡಬೇಕು. ಬುಡಮೇಲಾಗಿ ಬಿಟ್ಟರೆ ಅಡಿಯಲ್ಲಿದ್ದವು ಬಿಸಿಲಿಗೆ, ಮೇಲಿದ್ದ ಪಾಚಿ ಕತ್ತಲಿಗೆ, ಎರಡೂ ಸಾಯುತ್ತವೆ.

ಬಾಟಲಿಯ ಪ್ರಶ್ನೆಗೆ ಉತ್ತರ: ತರಬೇಡಿ. ಮುಚ್ಚಿದ ಬಾಟಲಿಯಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ, ನೀರು ಬಿಸಿಯಾಗುತ್ತದೆ. ತರಗತಿಯ ತೊಟ್ಟಿಯಲ್ಲಿ ಉಪ್ಪಿನ ಮಟ್ಟ, ಅಲೆಯ ಚಲನೆ, ಆಹಾರ ಮೂರನ್ನೂ ಕೊಡಲಾಗುವುದಿಲ್ಲ. ಕೆಲವೇ ದಿನಗಳಲ್ಲಿ ಒಂದು ಸತ್ತು, ಅದರ ಕೊಳೆತದಿಂದ ಉಳಿದವೂ ಸಾಯುತ್ತವೆ. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳ, ಕಡಲ ಸೌತೆ, ಕಡಲ ಕುದುರೆ, ಕೆಲವು ಜಾತಿಯ ಶಂಖಗಳು ರಕ್ಷಿತ ಜೀವಿಗಳು, ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಖಾಲಿ ಶಂಖವನ್ನಾದರೂ ತರಬಹುದಲ್ಲ ಎಂದು ಮಕ್ಕಳು ಕೇಳುತ್ತಾರೆ. ಬೆಳೆಯುತ್ತಿರುವ ಸನ್ಯಾಸಿ ಏಡಿಗೆ ಮುಂದಿನ ಮನೆ ಅದು. ಅದನ್ನೂ ಅಲ್ಲಿಯೇ ಬಿಡಲಿ.

ಸುರಕ್ಷತೆಯ ವಿಷಯದಲ್ಲಿ ಮೊದಲು ಹೊತ್ತಿನ ಲೆಕ್ಕ. ಇಳಿತ 7.30ಕ್ಕೆ ಇದ್ದರೆ 6.30ಕ್ಕೆ ಪಾದೆಯ ಬಳಿ ಇರಬೇಕು. ಇಳಿಯುವ ನೀರನ್ನು ಹಿಂಬಾಲಿಸಿ ಕೆಳಗೆ ಹೋಗಬೇಕು, 7.30ಕ್ಕೆ ಸರಿಯಾಗಿ ಮೇಲಕ್ಕೆ ತಿರುಗಬೇಕು, 8.30ಕ್ಕೆ ಎಲ್ಲರೂ ಮರಳಿನ ಮೇಲಿರಬೇಕು. ಯಾಕೆಂದರೆ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು 1.2 ಮೀಟರ್ ಏರಬೇಕಾಗಿದ್ದರೆ ಮೊದಲ ಗಂಟೆ ಸುಮಾರು 10 ಸೆಂಟಿಮೀಟರ್, ಎರಡನೆಯ ಗಂಟೆ 20, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ 30ರಂತೆ ಏರುತ್ತದೆ. ಮೊದಲ ಗಂಟೆಯಲ್ಲಿ ಏನೂ ಆಗದಿರುವುದನ್ನು ಕಂಡು ಧೈರ್ಯ ಮಾಡಿದವರು, ಬಂದ ದಾರಿಯ ತಗ್ಗು ಆಗಲೇ ತುಂಬಿಹೋದದ್ದನ್ನು ತಡವಾಗಿ ನೋಡುತ್ತಾರೆ. ಕೆಳಗಿಳಿಯುವ ಮೊದಲೇ ಹಿಂದಿರುಗುವ ದಾರಿಯಲ್ಲಿರುವ ತಗ್ಗುಗಳನ್ನು ಗುರುತಿಸಿಡಿ.

ಪಾದೆಗೆ ಕಾಲಿಡುವ ಮುಂಚೆ 15 ನಿಮಿಷ ಮರಳಿನ ಮೇಲೆ ನಿಂತು ಕಡಲು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಹಲವು ನಿಮಿಷ ಕಡಲು ಸುಮ್ಮನಿರುತ್ತದೆ. ದೊಡ್ಡ ಗುಂಪು ಬಂದಾಗ ಎಲ್ಲಿಯವರೆಗೆ ಬಂಡೆ ಒದ್ದೆಯಾಗುತ್ತದೋ ಅದರಿಂದ ಮೂರು ಮೀಟರ್ ಹಿಂದೆ ಒಂದು ಗೆರೆ ಎಂದುಕೊಳ್ಳಿ, ಅದರಾಚೆ ಮಗು ಹೋಗಬಾರದು. ಐದು ಮಕ್ಕಳಿಗೆ ಒಬ್ಬ ದೊಡ್ಡವರು, ಅಂದರೆ 24 ಮಕ್ಕಳಿಗೆ ಐವರು. ಅದರ ಮೇಲೆ ಇನ್ನೊಬ್ಬರು ಬೇಕು. ಅವರ ಕೆಲಸ ಹೊಂಡ ನೋಡುವುದಲ್ಲ, ಕಡಲಿಗೆ ಮುಖ ಮಾಡಿ ನಿಂತು ಅಲೆ ನೋಡುವುದು, ಕೈಯಲ್ಲಿ ಸೀಟಿ ಇರಲಿ. ಎಲ್ಲರನ್ನೂ ಒಟ್ಟಿಗೆ ಇಳಿಸಬೇಡಿ, 12ರ ಎರಡು ತಂಡ ಮಾಡಿ.

ಕಾಲಿಗೆ ಬೆರಳು ಮುಚ್ಚುವ ಹಳೆಯ ಕ್ಯಾನ್ವಾಸ್ ಶೂ. ಚಪ್ಪಲಿ ಬೇಡ, ಬರಿಗಾಲು ಖಂಡಿತ ಬೇಡ. ಮುರಕಲ್ಲಿನ ಮೇಲೆ ಹಸಿರು ಇಲ್ಲವೇ ಕಪ್ಪು ಪದರ ಕಂಡರೆ ಅದು ಜಾರುತ್ತದೆಂದೇ ತಿಳಿಯಬೇಕು, ಬಾರ್ನಕಲ್ ಇರುವಲ್ಲಿ ಹಿಡಿತ ಇರುತ್ತದೆ ಆದರೆ ಬಿದ್ದರೆ ಚರ್ಮ ಕೆರೆದುಹೋಗುತ್ತದೆ. ಅಂಚಿನ ಮುರಕಲ್ಲನ್ನು ಅಲೆ ಅಡಿಯಿಂದ ತಿಂದಿರುತ್ತದೆ, ಮೇಲೆ ನೋಡಲು ಗಟ್ಟಿ, ಕಾಲಿಟ್ಟರೆ ಕಳಚಿ ಬೀಳುತ್ತದೆ. ಹಾಗೆಯೇ ಕಡಿದಾದ ಬರೆಯ ಬುಡದ ನೆರಳಿನಲ್ಲಿ ಮಕ್ಕಳನ್ನು ಊಟಕ್ಕೆ ಕೂರಿಸಬೇಡಿ.

ಮುಟ್ಟಬಾರದವುಗಳನ್ನು ಮೊದಲೇ ಚಿತ್ರ ತೋರಿಸಿ ಹೇಳಿ. ಒಂದು ತುದಿ ಚೂಪಾದ, ಐಸ್‌ಕ್ರೀಮ್ ಕೋನಿನಂಥ ಚಂದದ ಶಂಖಗಳಿದ್ದರೆ ಎತ್ತಲೇಬಾರದು. ಕೋನ್ ಬಸವನಹುಳು ಚುಚ್ಚುವ ವಿಷದ ಈಟಿ ಬಟ್ಟೆಯನ್ನೂ ದಾಟುತ್ತದೆ. ಬಂಡೆಗೆ ಹಾಸಿದಂತೆ, ಗುಂಡಿಗಳನ್ನು ಒತ್ತೊತ್ತಾಗಿ ಜೋಡಿಸಿದಂತಿರುವ ಜೋಆಂಥಿಡ್ ಎಂಬ ಪ್ರಾಣಿಗಳ ಕೆಲವು ಜಾತಿಗಳ ಲೋಳೆಯಲ್ಲಿ ಉಗ್ರ ವಿಷ ಇರುತ್ತದೆ. ಮುಟ್ಟಿದ ಕೈಯಿಂದ ಕಣ್ಣುಜ್ಜಬಾರದು. ಕಪ್ಪು ಮೈಮೇಲೆ ಬಿಳಿ ಗೆರೆಯ, ಮೀಸೆಯ ಮರಿಮೀನುಗಳು ಉಂಡೆಯಾಗಿ ಸುತ್ತುತ್ತಿದ್ದರೆ ಅವುಗಳ ಮುಳ್ಳು ವಿಷದ್ದು. ಕಪ್ಪು ಮುಳ್ಳಿನ ಕಡಲ ಉರ್ಚಿನ್, ಸಣ್ಣ ಆಕ್ಟೋಪಸ್, ದಡಕ್ಕೆ ಬಿದ್ದ ನೀಲಿ ಬಲೂನಿನಂಥ ಬ್ಲೂಬಾಟಲ್, ಸತ್ತಂತೆ ಬಿದ್ದ ಕಡಲ ಹಾವು, ಇವೆಲ್ಲ ದೂರದಿಂದಲೇ ನೋಡುವಂಥವು. ಚೆಂದ ಕಂಡದ್ದಕ್ಕೆಲ್ಲ ಕೈ ಹಾಕುವ ವಯಸ್ಸಿನ ಮಕ್ಕಳಿಗೆ ಒಂದೇ ನಿಯಮ ಸುಲಭ: ಕೈ ಬೆನ್ನ ಹಿಂದೆ, ಕಣ್ಣು ಹೊಂಡದಲ್ಲಿ.

ಪ್ರಥಮ ಚಿಕಿತ್ಸೆಗೆ ಎರಡು ಫ್ಲಾಸ್ಕ್ ಬಿಸಿನೀರು ಇರಲಿ. ಮೀನಿನ ಮುಳ್ಳು ಅಥವಾ ಉರ್ಚಿನ್ ಚುಚ್ಚಿದರೆ, ಸುಡದಷ್ಟು ಬಿಸಿಯ, ಅಂದರೆ 40ರಿಂದ 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಆ ಭಾಗವನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಟ್ಟರೆ ನೋವು ತಗ್ಗುತ್ತದೆ. ಮೊದಲು ದೊಡ್ಡವರು ತಮ್ಮ ಕೈಯಿಟ್ಟು ಬಿಸಿ ನೋಡಬೇಕು, ಯಾಕೆಂದರೆ ನೋವಿನಲ್ಲಿರುವ ಮಗುವಿಗೆ ಸುಡುವುದು ತಿಳಿಯುವುದಿಲ್ಲ. ಬ್ಲೂಬಾಟಲ್ ತಾಗಿದರೆ ಎಳೆಗಳನ್ನು ಚಿಮಟದಿಂದ ತೆಗೆದು, ಕಡಲ ನೀರಿನಿಂದಲೇ ತೊಳೆದು, ಆಮೇಲೆ 20 ನಿಮಿಷ ಬಿಸಿನೀರು. ಮರಳಿನಿಂದ ಉಜ್ಜಬಾರದು. ಕೋನ್ ಚುಚ್ಚಿದರೆ ಅಥವಾ ಕಡಲ ಹಾವು ಕಚ್ಚಿದರೆ ಅಗಲ ಬ್ಯಾಂಡೇಜನ್ನು ಕೈಕಾಲಿನ ಉದ್ದಕ್ಕೂ ಬಿಗಿಯಾಗಿ ಸುತ್ತಿ, ಅಲ್ಲಾಡದಂತೆ ಕಟ್ಟಿಗೆ ಕಟ್ಟಿ, ನಡೆಸದೆ ಹೊತ್ತುಕೊಂಡು ಕೂಡಲೇ ಆಸ್ಪತ್ರೆಗೆ. ಸಿಂಪಿ, ಬಾರ್ನಕಲ್ ಕುಯ್ದ ಗಾಯವನ್ನು ಹಗುರ ಎಂದುಕೊಳ್ಳಬೇಡಿ. ಕುಡಿಯುವ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಮರುದಿನ ಕೆಂಪಾಗಿ ಊದಿಕೊಂಡರೆ ಡಾಕ್ಟರಿಗೆ ಕಡಲಿನಲ್ಲಿ ಆದ ಗಾಯವೆಂದು ಹೇಳಿಯೇ ತೋರಿಸಬೇಕು. ಜತೆಗೆ ಬರುವ ದೊಡ್ಡವರಲ್ಲಿ ಸಕ್ಕರೆ ಕಾಯಿಲೆ, ಲಿವರಿನ ಕಾಯಿಲೆ ಇದ್ದವರು ಗಾಯವಿದ್ದರೆ ನೀರಿಗಿಳಿಯದಿರುವುದು ಒಳ್ಳೆಯದು. ತುರ್ತಿಗೆ 112, ಕಡಲಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಕೋಸ್ಟ್ ಗಾರ್ಡಿನ 1554.

ಬೇಕಲದಲ್ಲಿ ಇನ್ನೊಂದು ಸಣ್ಣ ಲೆಕ್ಕಾಚಾರ ಬೇಕು. ಕೋಟೆಯ ಬಾಗಿಲು ತೆರೆಯುವ ಹೊತ್ತನ್ನು ನಂಬಿ ಇಳಿತವನ್ನು ಹಿಡಿಯಲಾಗದು, ಆದ್ದರಿಂದ ಪಳ್ಳಿಕೆರೆಯ ಮರಳಿನ ಕಡೆಯಿಂದ ಬನ್ನಿ. ವಾರ ಮೊದಲೇ ನೀವೊಬ್ಬರು ಹೋಗಿ, ಅಲ್ಲಿಯ ಲೈಫ್‌ಗಾರ್ಡ್ ಮತ್ತು ಮೀನುಗಾರರನ್ನು ಮಾತಾಡಿಸಿ, ಎಲ್ಲಿಯವರೆಗೆ ಮಕ್ಕಳನ್ನು ಬಿಡಬಹುದೆಂದು ಕೇಳಿಕೊಳ್ಳಿ. ಉತ್ತರಕ್ಕೆ ಸೋಮೇಶ್ವರದ ಪಾದೆಗಳು ಕುಂಬಳೆಯಿಂದ ಹೋಗುವವರಿಗೆ ಆಸೆ ಹುಟ್ಟಿಸುತ್ತವೆ, ಆದರೆ ಅಲ್ಲಿ ಅಲೆ ನೇರವಾಗಿ ಬಂಡೆಗೆ ಬಡಿಯುತ್ತದೆ. ಮಕ್ಕಳಿಗೆ ಅದು ಬೇಡ. ತೀರ ರಕ್ಷಣೆಗೆ ಸುರಿದ ಕರಿಗಲ್ಲಿನ ತಡೆಗೋಡೆಗಳನ್ನೂ ಹತ್ತಿಸಬೇಡಿ, ಆ ಕಲ್ಲುಗಳ ನಡುವಿನ ಸಂದಿಯಲ್ಲಿ ಕಾಲು ಸಿಕ್ಕಿದರೆ ಬಿಡಿಸುವುದು ಕಷ್ಟ. ಬೆಳಗ್ಗೆ ಮರಳಿನ ಮೇಲೆ ಟ್ರ್ಯಾಕ್ಟರ್ ಟಯರಿನ ಗುರುತಿನಂಥ ಜೋಡಿ ಸಾಲು ನೀರಿನಿಂದ ಮೇಲಕ್ಕೆ ಹೋಗಿದ್ದರೆ ಅದು ಮೊಟ್ಟೆಯಿಡಲು ಬಂದ ಕಡಲಾಮೆಯದು. ನೀಲೇಶ್ವರದ ತೈಕ್ಕಡಪ್ಪುರದಲ್ಲಿ ಇಂಥ ಗೂಡುಗಳನ್ನು ಕಾಯುವ ಕೆಲಸ ನಡೆದಿದೆ. ಗುರುತಿನ ಮೇಲೆ ನಡೆಯದೆ, ಬದಿಯಿಂದ ಫೋಟೊ ತೆಗೆದು, ಅರಣ್ಯ ಇಲಾಖೆಗೆ ತಿಳಿಸಿ.

ಮಕ್ಕಳು ಸನ್‌ಸ್ಕ್ರೀನ್, ಸೊಳ್ಳೆಯ ಮುಲಾಮು ಹಚ್ಚಿಕೊಂಡಿದ್ದರೆ ಆ ಕೈಯನ್ನು ಹೊಂಡಕ್ಕೆ ಅದ್ದದಿರಲಿ. ಬಚ್ಚಲಿನಷ್ಟು ನೀರಿಗೆ ಅದು ಹೆಚ್ಚಿನ ವಿಷವೇ. ಟೋಪಿ, ಉದ್ದ ತೋಳಿನ ಅಂಗಿ ಸಾಕು. ಒಬ್ಬರಿಗೆ ಒಂದು ಲೀಟರ್ ನೀರು, ತಿಂಡಿಯನ್ನು ಮರಳಿನ ಮೇಲೆ ಬಂದು ಕೈ ಸೋಪು ಹಾಕಿ ತೊಳೆದ ಮೇಲೆಯೇ ಕೊಡಿ.